ಬೀಗದ ಕೈ ಕೊಟ್ಟರು, ದುಡ್ಡು ಕೊಡಲಿಲ್ಲ: ಇಂಗ್ಲೆಂಡಿನ ಹಳ್ಳಿ ಕೌನ್ಸಿಲ್‌ಗಳ ಪಾಡು

ಪ್ರತಿ ವರ್ಷ ಮಾರ್ಚ್ ಬಂತೆಂದರೆ ಇಂಗ್ಲೆಂಡಿನ ಮನೆಮನೆಗೂ ಒಂದು ಬಿಲ್ ಬರುತ್ತೆ. ಅದರ ಹೆಸರು ಕೌನ್ಸಿಲ್ ಟ್ಯಾಕ್ಸ್. ನಮ್ಮ ಕಡೆಯ ಮನೆ ಕಂದಾಯದ ಹಾಗೇ ಅಂದುಕೊಳ್ಳಿ, ಎರಡು ವ್ಯತ್ಯಾಸ ಬಿಟ್ಟು. ಒಂದು, ಇದನ್ನು ಕಟ್ಟಬೇಕಾದ್ದು ಮನೆ ಮಾಲೀಕರಲ್ಲ, ಮನೆಯಲ್ಲಿ ವಾಸ ಇರುವವರು. ಅಂದರೆ ನನ್ನಂಥ ಬಾಡಿಗೆದಾರರು. ಎರಡು, ಮೊತ್ತ. 2024-25ರಲ್ಲಿ ಮಧ್ಯಮ ದರ್ಜೆಯ, ಅಂದರೆ 'ಬ್ಯಾಂಡ್ ಡಿ' ಮನೆಗೆ ಇಂಗ್ಲೆಂಡಿನ ಸರಾಸರಿ ತೆರಿಗೆ 2,171 ಪೌಂಡ್. ಎರಡು ಲಕ್ಷ ರೂಪಾಯಿಗೂ ಮೇಲೆ.

ನಾನಿರುವುದು ನೈಋತ್ಯ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿ. ಇಲ್ಲಿನ ಬಿಲ್ಲಿನಲ್ಲಿ ದುಡ್ಡು ಯಾರ್ಯಾರಿಗೆ ಹೋಗುತ್ತೆ ಅಂತ ಸಾಲುಸಾಲಾಗಿ ಬರೆದಿರುತ್ತಾರೆ. ದೊಡ್ಡ ಕೌನ್ಸಿಲ್‌ಗೆ ಇಷ್ಟು, ಪೊಲೀಸರಿಗೆ ಇಷ್ಟು, ಅಗ್ನಿಶಾಮಕ ದಳಕ್ಕೆ ಇಷ್ಟು. ಪ್ರತಿ ಸಾಲಿನ ಪಕ್ಕದಲ್ಲಿ ಹೋದ ವರ್ಷಕ್ಕಿಂತ ಶೇಕಡಾ ಎಷ್ಟು ಏರಿಕೆ ಅನ್ನುವ ಅಂಕಿ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಮೊತ್ತದ ಸಾಲೊಂದಿದೆ: ಪ್ಯಾರಿಶ್ ಕೌನ್ಸಿಲ್. ಈಚಿನ ವರ್ಷಗಳಲ್ಲಿ ಎಷ್ಟೋ ಊರುಗಳಲ್ಲಿ ಶೇಕಡಾವಾರು ಅತಿ ಹೆಚ್ಚು ಏರುತ್ತಿರುವುದು ಈ ಸಣ್ಣ ಸಾಲೇ. ಯಾಕೆ ಅಂತ ನೋಡಲು ಹೊರಟರೆ, ಕಳೆದ ಹದಿನೈದು ವರ್ಷಗಳಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಸೇವೆಗಳಿಗೆ ಏನಾಯ್ತು ಅನ್ನೋದರ ಇಡೀ ಕತೆ ಬಿಚ್ಚಿಕೊಳ್ಳುತ್ತೆ.

ಪ್ಯಾರಿಶ್ ಅಂದರೆ ಚರ್ಚಿನದ್ದಲ್ಲ

ಕರ್ನಾಟಕದ ಕ್ರೈಸ್ತ ಗೆಳೆಯರಿಗೆ ಪ್ಯಾರಿಶ್ ಅಂದ ತಕ್ಷಣ ನೆನಪಾಗುವುದು ಧರ್ಮಕೇಂದ್ರ. ಹಿಂದೆ ಇಲ್ಲೂ ಹಾಗೇ ಇತ್ತು. ಊರಿನ ಚರ್ಚಿನ ಸಭೆಯೇ ರಸ್ತೆ ನೋಡಿಕೊಳ್ಳಬೇಕಿತ್ತು, 1601ರ ಬಡವರ ಕಾಯ್ದೆ ಬಂದ ಮೇಲಂತೂ ಆಯಾ ಊರಿನ ಬಡವರನ್ನು ಆಯಾ ಊರೇ ತೆರಿಗೆ ಎತ್ತಿ ಸಾಕಬೇಕಿತ್ತು. 1894ರಲ್ಲಿ ಕಾನೂನು ತಂದು ಊರಿನ ಆಡಳಿತವನ್ನು ಚರ್ಚಿನಿಂದ ಬಿಡಿಸಿ, ಚುನಾಯಿತ ಪ್ಯಾರಿಶ್ ಕೌನ್ಸಿಲ್‌ಗಳನ್ನು ಮಾಡಿದರು. ಪಾರ್ಲಿಮೆಂಟಿಗೆ ವೋಟು ಹಾಕುವ ಹಕ್ಕೇ ಹೆಂಗಸರಿಗೆ ಇಲ್ಲದ ಕಾಲದಲ್ಲಿ, ಈ ಊರ ಕೌನ್ಸಿಲ್‌ಗಳಿಗೆ ಅವರು ವೋಟು ಹಾಕಬಹುದಿತ್ತು, ಚುನಾವಣೆಗೂ ನಿಲ್ಲಬಹುದಿತ್ತು.

ಇವತ್ತು ಇಂಗ್ಲೆಂಡಿನಲ್ಲಿ ಇಂಥ ಪ್ಯಾರಿಶ್ ಮತ್ತು ಟೌನ್ ಕೌನ್ಸಿಲ್‌ಗಳು ಸುಮಾರು ಹತ್ತು ಸಾವಿರ ಇವೆ. ಕೆಲವು ನೂರಿನ್ನೂರು ಮನೆಯವು, ಕೆಲವು ದೊಡ್ಡ ಪಟ್ಟಣದವು. ಇವುಗಳ ಮೇಲೆ ಜಿಲ್ಲಾ ಕೌನ್ಸಿಲ್, ಅದರ ಮೇಲೆ ಕೌಂಟಿ ಕೌನ್ಸಿಲ್. ಕೆಲವು ಕಡೆ ಆ ಎರಡನ್ನೂ ಸೇರಿಸಿ 'ಯೂನಿಟರಿ' ಅನ್ನುವ ಒಂದೇ ಕೌನ್ಸಿಲ್ ಮಾಡಿದ್ದಾರೆ. ಶಾಲೆ, ರಸ್ತೆ, ಲೈಬ್ರರಿ, ವೃದ್ಧರ ಆರೈಕೆ, ಕಸ ವಿಲೇವಾರಿ ಎಲ್ಲಾ ಮೇಲಿನವರ ಜವಾಬ್ದಾರಿ. ಪ್ಯಾರಿಶ್‌ಗೆ ಉಳಿದಿದ್ದು ಸ್ಮಶಾನ, ಆಟದ ಬಯಲು, ಬೆಂಚು, ಬಸ್ ತಂಗುದಾಣ, ನಾಯಿ ಹೇಲಿನ ಡಬ್ಬಿ. ತಮಾಷೆಗೆ ಹೇಳಿದ್ದಲ್ಲ, ನಾಯಿ ಡಬ್ಬಿ ಇಲ್ಲಿ ಗಂಭೀರ ರಾಜಕೀಯ ವಿಷಯ.

2021ರ ಫೆಬ್ರವರಿಯಲ್ಲಿ ವೈರಲ್ ಆದ ಒಂದು ಜೂಮ್ ಮೀಟಿಂಗ್ ವಿಡಿಯೋ ನಿಮಗೆ ನೆನಪಿರಬಹುದು. ಚೆಷೈರಿನ ಹ್ಯಾಂಡ್‌ಫೋರ್ತ್ ಪ್ಯಾರಿಶ್ ಕೌನ್ಸಿಲ್‌ನಲ್ಲಿ ಕೂಗಾಟ, ಜಾಕಿ ವೀವರ್ ಅನ್ನುವ ಮಹಿಳೆ ತಣ್ಣಗೆ ಒಬ್ಬೊಬ್ಬರನ್ನೇ ಮೀಟಿಂಗಿನಿಂದ ಆಚೆ ಹಾಕಿದ್ದು. ಜಗತ್ತೆಲ್ಲ ನಕ್ಕಿತು. ಆದರೆ ನಗುವ ಭರದಲ್ಲಿ ಒಂದು ವಿಷಯ ತಪ್ಪಿಹೋಯ್ತು: ಸಂಬಳ ಇಲ್ಲದ ಸದಸ್ಯರು, ಎಷ್ಟೋ ಕಡೆ ವಾರಕ್ಕೆ ಕೆಲವೇ ಗಂಟೆ ಕೆಲಸ ಮಾಡುವ ಒಬ್ಬ ಕ್ಲರ್ಕ್, ಇಷ್ಟೇ ಬಲದ ಇಂಥ ಸಂಸ್ಥೆಗಳ ಹೆಗಲಿಗೆ ಲೈಬ್ರರಿ, ಶೌಚಾಲಯ, ಬಸ್ಸು ಒಂದೊಂದಾಗಿ ಬಂದು ಬೀಳುತ್ತಿದ್ದವು.

ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಿದರೆ ವ್ಯತ್ಯಾಸ ಬೇಗ ತಿಳಿಯುತ್ತೆ. ನಮ್ಮಲ್ಲಿ 1992ರ 73ನೇ ತಿದ್ದುಪಡಿಯಿಂದ ಪಂಚಾಯಿತಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿದೆ. ಸಾಲದೋ, ತಡವೋ, ಷರತ್ತು ಹಾಕಿಯೋ, ಅಂತೂ ಹಣಕಾಸು ಆಯೋಗದ ಅನುದಾನ ಬರುತ್ತೆ. ಪ್ಯಾರಿಶ್ ಕೌನ್ಸಿಲ್‌ಗೆ ಲಂಡನ್ನಿನಿಂದ ಅಂಥ ನಿಯಮಿತ ಅನುದಾನ ಇಲ್ಲ. ಅಂಗಡಿ, ಫ್ಯಾಕ್ಟರಿಗಳಿಂದ ಬರುವ ವ್ಯಾಪಾರ ತೆರಿಗೆಯಲ್ಲಿ ಪಾಲೂ ಇಲ್ಲ. ಅದಕ್ಕಿರುವ ಮುಖ್ಯ ಆದಾಯ ಒಂದೇ: 'ನಮಗೆ ಈ ವರ್ಷ ಇಷ್ಟು ಬೇಕು' ಅಂತ ಮೇಲಿನ ಕೌನ್ಸಿಲ್‌ಗೆ ಒಂದು ಮೊತ್ತ ಬರೆದು ಕಳಿಸುತ್ತೆ. ಅವರು ಅದನ್ನು ಆ ಊರಿನ ಮನೆಗಳ ಮೇಲೆ ಹಂಚಿ, ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡಿ ಕೊಡಬೇಕು. ಇದಕ್ಕೆ ಪ್ರಿಸೆಪ್ಟ್ ಅನ್ನುತ್ತಾರೆ. ಈ ಪದ ನೆನಪಿರಲಿ, ಮುಂದಿನದೆಲ್ಲ ಇದರ ಸುತ್ತಲೇ ಇದೆ.

ಮೇಲೆ ಏನಾಯ್ತು?

2010ರಲ್ಲಿ ಕನ್ಸರ್ವೇಟಿವ್ ನಾಯಕತ್ವದ ಸರ್ಕಾರ ಬಂತು. ಹಣಕಾಸು ಮಂತ್ರಿ ಜಾರ್ಜ್ ಆಸ್ಬಾರ್ನ್ 'ಆಸ್ಟೆರಿಟಿ' ಶುರು ಮಾಡಿದರು. ಮಿತವ್ಯಯ ಅಂತ ಅನುವಾದ ಮಾಡಿದರೆ ಅದು ಒಳ್ಳೆಯ ಗುಣದ ಹಾಗೆ ಕೇಳುತ್ತೆ, ಹಾಗಾಗಿ ಕಡಿತ ಅಂತಲೇ ಕರೆಯೋಣ. ಸಿಎಜಿ ಥರದ ಸಂಸ್ಥೆ ಇಲ್ಲಿನ ನ್ಯಾಷನಲ್ ಆಡಿಟ್ ಆಫೀಸ್. ಅದರ 2018ರ ವರದಿ ಹೇಳುವ ಪ್ರಕಾರ 2010-11ರಿಂದ 2017-18ರ ಒಳಗೆ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರ ಕೊಡುವ ಹಣ, ಬೆಲೆಯೇರಿಕೆ ಲೆಕ್ಕ ಹಾಕಿದ ಮೇಲೆ, ಶೇ. 49.1ರಷ್ಟು ಇಳಿಯಿತು. ಕೌನ್ಸಿಲ್‌ಗಳು ತಮ್ಮ ತೆರಿಗೆಯಿಂದ ಸ್ವಲ್ಪ ತುಂಬಿಕೊಂಡರೂ ಒಟ್ಟು ಖರ್ಚು ಮಾಡುವ ಶಕ್ತಿ ಶೇ. 28.6 ಕುಸಿಯಿತು.

ಎಲ್ಲಿ ಕತ್ತರಿ ಹಾಕೋದು? ಇಲ್ಲೇ ಇರೋದು ಗುಟ್ಟು. ಕೌನ್ಸಿಲ್‌ನ ಕೆಲಸಗಳಲ್ಲಿ ಎರಡು ಬಗೆ. ಕಾನೂನು 'ಮಾಡಲೇಬೇಕು' ಅನ್ನುವ ಕೆಲಸ, 'ಬೇಕಿದ್ದರೆ ಮಾಡಿ' ಅನ್ನುವ ಕೆಲಸ. ಅಶಕ್ತ ವೃದ್ಧರ ಆರೈಕೆ, ಅಪಾಯದಲ್ಲಿರುವ ಮಕ್ಕಳ ರಕ್ಷಣೆ ಮಾಡಲೇಬೇಕು. ಜನಕ್ಕೆ ವಯಸ್ಸಾಗುತ್ತಿದೆ, ಆ ಖರ್ಚು ವರ್ಷವರ್ಷ ಏರುತ್ತಲೇ ಇದೆ. ಕೌಂಟಿ ಕೌನ್ಸಿಲ್ ಬಜೆಟ್‌ನ ಬಹುಪಾಲು ಈ ಎರಡಕ್ಕೇ ಹೋಗುತ್ತೆ. ಒಟ್ಟು ದುಡ್ಡು ಕಡಿಮೆಯಾಗಿ, ಮಾಡಲೇಬೇಕಾದ ಖರ್ಚು ಹೆಚ್ಚಾದರೆ, ಉಳಿದ ಎಲ್ಲದರ ಮೇಲೂ ಎರಡು ಕಡೆಯಿಂದ ಒತ್ತು ಬೀಳುತ್ತೆ. ಸಾರ್ವಜನಿಕ ಶೌಚಾಲಯ ಕಡ್ಡಾಯ ಅಲ್ಲ, 1936ರ ಕಾಯ್ದೆ ಕಟ್ಟಿಸುವ ಅಧಿಕಾರ ಕೊಡುತ್ತೆ, ಕಟ್ಟಿಸಲೇಬೇಕು ಅನ್ನಲ್ಲ. ನಷ್ಟದ ಹಳ್ಳಿ ಬಸ್ಸಿಗೆ ಸಬ್ಸಿಡಿ ಕೊಡಲೇಬೇಕು ಅಂತ ಇಲ್ಲ. ಲೈಬ್ರರಿ ಇರಬೇಕು ಅಂತ 1964ರ ಕಾಯ್ದೆ ಹೇಳುತ್ತೆ, ಎಷ್ಟು ಅಂತ ಹೇಳಲ್ಲ.

ಇದರ ಕೊನೆ ಹೇಗಿರುತ್ತೆ ಅಂತ ನಾರ್ಥಾಂಪ್ಟನ್‌ಷೈರ್ ತೋರಿಸಿತು. ಏಳು ಲಕ್ಷಕ್ಕೂ ಹೆಚ್ಚು ಜನರ ಆ ಕೌಂಟಿ 2018ರ ಫೆಬ್ರವರಿಯಲ್ಲಿ 'ಸೆಕ್ಷನ್ 114' ನೋಟಿಸ್ ಹೊರಡಿಸಿತು. ಸರಳವಾಗಿ ಹೇಳುವುದಾದರೆ, ಖಜಾನೆ ಬರಿದಾಗಿದೆ, ಕಾನೂನಿನ ಕಡ್ಡಾಯ ಬಿಟ್ಟು ಇನ್ನಾವ ಹೊಸ ಖರ್ಚೂ ಇಲ್ಲ ಅನ್ನುವ ಘೋಷಣೆ. ಸುಮಾರು ಎರಡು ದಶಕಗಳಲ್ಲಿ ಯಾವ ಕೌನ್ಸಿಲ್ಲೂ ಹಾಗೆ ಮಾಡಿರಲಿಲ್ಲ. 36 ಲೈಬ್ರರಿಗಳಲ್ಲಿ 21 ಮುಚ್ಚುವ ಯೋಜನೆ ಹಾಕಿದರು. ಬಸ್ ಸಬ್ಸಿಡಿ ನಿಲ್ಲಿಸಿದರು. ಜನ ಕೋರ್ಟಿಗೆ ಹೋದರು, ಆ ವರ್ಷದ ಆಗಸ್ಟ್‌ನಲ್ಲಿ ಹೈಕೋರ್ಟ್ ಲೈಬ್ರರಿ ಮುಚ್ಚುವ ತೀರ್ಮಾನ ಕಾನೂನುಬಾಹಿರ ಅಂತ ಹೇಳಿತು. ಗೆದ್ದರು ಅಂತ ಸಂಭ್ರಮಪಡುವಂತಿಲ್ಲ, ಮುಂದೆ ಹಲವು ಲೈಬ್ರರಿಗಳನ್ನು ಆಯಾ ಊರಿನ ಗುಂಪುಗಳೇ ನಡೆಸಿಕೊಳ್ಳಬೇಕಾಯ್ತು. 2021ರ ಏಪ್ರಿಲ್ 1ರಂದು ಆ ಕೌಂಟಿ ಕೌನ್ಸಿಲ್ಲನ್ನೇ ರದ್ದು ಮಾಡಿದರು. ಆಮೇಲೆ ಕ್ರಾಯ್ಡನ್, ಸ್ಲೌ, ವೋಕಿಂಗ್, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಸರದಿಯಲ್ಲಿ ಬಂದವು. ಒಂದೊಂದರ ಕಾರಣ ಒಂದೊಂದು. ಕೆಲವರು ರಿಯಲ್ ಎಸ್ಟೇಟಿನಲ್ಲಿ ಸಾಲ ಮಾಡಿ ಜೂಜಾಡಿದ್ದರು, ಅದನ್ನು ಕಡಿತದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೆ ಎಲ್ಲರ ಕಾಲ ಕೆಳಗಿನ ನೆಲ ಕುಸಿಯುತ್ತಿದ್ದುದು ಒಂದೇ.

ಮೇಲಿನಿಂದ ಬರುವ ಪತ್ರ

ದೊಡ್ಡ ಕೌನ್ಸಿಲ್ ಲೈಬ್ರರಿಯನ್ನೋ ಶೌಚಾಲಯವನ್ನೋ ನೇರವಾಗಿ ಮುಚ್ಚಿದರೆ ಗಲಾಟೆ ಆಗುತ್ತೆ. ಅದರ ಬದಲು ಪ್ಯಾರಿಶ್‌ಗೆ ಒಂದು ಸೌಜನ್ಯದ ಪತ್ರ ಬರುತ್ತೆ. ಭಾಷೆ ಬಲು ಚೆಂದ: ಹಸ್ತಾಂತರ, ಸಬಲೀಕರಣ, ಸ್ಥಳೀಯ ನಿರ್ಧಾರ. ಅರ್ಥ ಇಷ್ಟೇ: ಏಪ್ರಿಲ್‌ನಿಂದ ನಾವು ಇದನ್ನು ನಡೆಸಲ್ಲ. ನಿಮಗೆ ಬೇಕಿದ್ದರೆ ಬೀಗದ ಕೈ ತಗೊಳ್ಳಿ, ಇಲ್ಲದಿದ್ದರೆ ಬೀಗ ಹಾಕ್ತೀವಿ.

ಇಲ್ಲಿ ಪ್ಯಾರಿಶ್‌ಗೆ ನಿಜವಾದ ಆಯ್ಕೆ ಇರುತ್ತಾ? ಊರಿನ ಮಕ್ಕಳು ಹೋಗುವ ಲೈಬ್ರರಿ, ಸಂತೆಗೆ ಬರುವ ಅಜ್ಜಂದಿರು ಬಳಸುವ ಶೌಚಾಲಯ. 'ಬೇಡ' ಅಂದರೆ ಮುಚ್ಚಿದ ಪಾಪ ಊರಿನವರದ್ದೇ. ಹಾಗಾಗಿ ಹೂಂ ಅನ್ನುತ್ತಾರೆ. ಕಾರ್ನ್‌ವಾಲ್‌ನಲ್ಲಿ ಇದು ಅತಿ ದೊಡ್ಡ ಪ್ರಮಾಣದಲ್ಲಿ ನಡೀತು. 2009ರಲ್ಲಿ ಅಲ್ಲಿನ ಜಿಲ್ಲಾ ಕೌನ್ಸಿಲ್‌ಗಳನ್ನೆಲ್ಲ ಸೇರಿಸಿ ಒಂದೇ ಕಾರ್ನ್‌ವಾಲ್ ಕೌನ್ಸಿಲ್ ಮಾಡಿದರು. ಮುಂದಿನ ವರ್ಷಗಳಲ್ಲಿ ಲೈಬ್ರರಿಗಳು, ಶೌಚಾಲಯಗಳು ಒಂದೊಂದಾಗಿ ಟೌನ್ ಮತ್ತು ಪ್ಯಾರಿಶ್ ಕೌನ್ಸಿಲ್‌ಗಳ ಪಾಲಾದವು. ಸಾಮರ್ಸೆಟ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಯೂನಿಟರಿ ಕೌನ್ಸಿಲ್ ಹುಟ್ಟಿತು, ನವೆಂಬರ್‌ನಲ್ಲಿ ಅದು ಹಣಕಾಸು ತುರ್ತುಸ್ಥಿತಿ ಘೋಷಿಸಿತು. ಬೆನ್ನಲ್ಲೇ ಟೌನ್, ಪ್ಯಾರಿಶ್‌ಗಳ ಮುಂದೆ ಬೇಡಿಕೆ ಬಂತು. ಹೊಸದಾಗಿ ಹುಟ್ಟಿದ್ದ ಟಾಂಟನ್ ಟೌನ್ ಕೌನ್ಸಿಲ್‌ನ ಪ್ರಿಸೆಪ್ಟ್ ಮರುವರ್ಷವೇ ದುಪ್ಪಟ್ಟಿಗಿಂತ ಹೆಚ್ಚಾಯ್ತು.

ಅಷ್ಟೊಂದು ಏರಿಸೋಕೆ ಬಿಡ್ತಾರಾ ಅಂತ ನೀವು ಕೇಳಬಹುದು. ಬಿಡ್ತಾರೆ, ಅದೇ ಇಡೀ ವ್ಯವಸ್ಥೆಯ ಕಳ್ಳಕಿಂಡಿ. 2011ರ ಲೋಕಲಿಸಂ ಕಾಯ್ದೆ ಪ್ರಕಾರ ದೊಡ್ಡ ಕೌನ್ಸಿಲ್ ಒಂದು ಮಿತಿಗಿಂತ ಹೆಚ್ಚು ತೆರಿಗೆ ಏರಿಸಬೇಕಾದರೆ ಜನಮತಗಣನೆ ಮಾಡಿಸಬೇಕು. ಈಚೆಗೆ ಆ ಮಿತಿ ಆರೈಕೆಯ ಬಾಬ್ತೂ ಸೇರಿ ಸುಮಾರು ಶೇ. 5. ಆ ಮಿತಿಯನ್ನು ಪ್ಯಾರಿಶ್‌ಗಳಿಗೂ ಹಾಕುವ ಅಧಿಕಾರ ಸರ್ಕಾರಕ್ಕಿದೆ, ಆದರೆ ವರ್ಷವರ್ಷವೂ ಹಾಕದೆ ಬಿಟ್ಟಿದೆ. ಅಂದರೆ ಮೇಲಿನವರ ಕೈಗೆ ಹಗ್ಗ, ಕೆಳಗಿನವರಿಗೆ ಬಯಲು. ಸೇವೆಯನ್ನು ಕೆಳಗೆ ತಳ್ಳಿದರೆ ಅದರ ಖರ್ಚನ್ನು ಮಿತಿಯಿಲ್ಲದ ತೆರಿಗೆಯಿಂದ ಎತ್ತಬಹುದು. ಮೇಲಿನ ಕೌನ್ಸಿಲ್ 'ನಾವು ಮಿತಿ ಮೀರಿಲ್ಲ' ಅನ್ನುತ್ತೆ. ಲಂಡನ್ 'ನಾವು ತೆರಿಗೆ ಏರಿಸಿಲ್ಲ' ಅನ್ನುತ್ತೆ. ಬೈಸಿಕೊಳ್ಳುವವರು ಸಂಬಳವಿಲ್ಲದ ಪ್ಯಾರಿಶ್ ಸದಸ್ಯರು.

2024ರ ಫೆಬ್ರವರಿಯಲ್ಲಿ 'ನನ್ನ ತೆರಿಗೆ ನನ್ನ ಹಕ್ಕು' ಅಂತ ಪೋಸ್ಟ್ ಹಾಕಿದ, ಮುಂದೆ ಚುನಾವಣೆಯಲ್ಲಿ ಚೊಂಬಿನ ಜಾಹೀರಾತು ನೋಡಿದ ನಮಗೆ ಇದು ಹೊಸ ನಾಟಕ ಅಲ್ಲ. ಇಲ್ಲಿ ಚೊಂಬು ಮೂರು ಮೆಟ್ಟಿಲು ಇಳಿದು ಬರುತ್ತೆ, ಅಷ್ಟೇ.

ಇಲ್ಲಿನ ಪ್ಯಾರಿಶ್‌ನವರ ಬಾಯಲ್ಲಿ ಸದಾ ಇರುವ ಒಂದು ಮಾತು 'ಡಬಲ್ ಟ್ಯಾಕ್ಸ್'. ಕೌಂಟಿಗೆ ಕಟ್ಟುವ ತೆರಿಗೆಯಲ್ಲಿ ಲೈಬ್ರರಿ, ಹುಲ್ಲು ಕೊಯ್ಯುವುದು ಎಲ್ಲಾ ಸೇರಿದೆ. ಅದೇ ಕೆಲಸಕ್ಕೆ ಪ್ಯಾರಿಶ್ ಮತ್ತೆ ದುಡ್ಡು ಎತ್ತಿದರೆ, ಆ ಊರಿನವರು ಒಂದೇ ಸೇವೆಗೆ ಎರಡು ಸಲ ಕಟ್ಟಿದಂತೆ. ಪ್ಯಾರಿಶ್ ಇಲ್ಲದ ನಗರ ಭಾಗದಲ್ಲಿ ಅದೇ ಕೆಲಸ ದೊಡ್ಡ ಕೌನ್ಸಿಲ್ ಖರ್ಚಿನಲ್ಲೇ ನಡೆಯುತ್ತಿರಬಹುದು.

ಒಂದು ಶೌಚಾಲಯದ ಲೆಕ್ಕ

ಸುಮ್ಮನೆ ಲೆಕ್ಕಕ್ಕೆ ಅಂತ ಒಂದು ಮೊತ್ತ ಇಟ್ಟುಕೊಳ್ಳೋಣ. ಒಂದು ಶೌಚಾಲಯ ಶುಚಿ ಇಡೋಕೆ, ನೀರು, ಕರೆಂಟು, ರಿಪೇರಿ ಸೇರಿ ವರ್ಷಕ್ಕೆ 12,000 ಪೌಂಡ್. ನಾಲ್ಕು ಸಾವಿರ ಮನೆಯ ಪಟ್ಟಣ ಇದನ್ನು ವಹಿಸಿಕೊಂಡರೆ ಮನೆಗೆ ವರ್ಷಕ್ಕೆ 3 ಪೌಂಡ್. ಯಾರೂ ಗಮನಿಸಲ್ಲ. ಇನ್ನೂರು ಮನೆಯ ಹಳ್ಳಿ ವಹಿಸಿಕೊಂಡರೆ ಮನೆಗೆ 60 ಪೌಂಡ್. 2024-25ರಲ್ಲಿ ಇಡೀ ಪ್ಯಾರಿಶ್ ಬಾಬ್ತಿಗೆ ಬ್ಯಾಂಡ್ ಡಿ ಮನೆ ಕಟ್ಟಿದ ಸರಾಸರಿ ಮೊತ್ತವೇ ಸುಮಾರು 86 ಪೌಂಡ್. ಅಂದರೆ ಒಂದು ಶೌಚಾಲಯ ಆ ಹಳ್ಳಿಯ ಬಜೆಟ್ಟನ್ನೇ ನುಂಗಿಬಿಡುತ್ತೆ.

ಇನ್ನೂ ಒಂದು ತಿರುವು ನೋಡಿ. ಶೌಚಾಲಯ ಬೇಕಾಗಿರುವುದು ಎಲ್ಲಿ? ಕಡಲತೀರದ ಹಳ್ಳಿಗಳಲ್ಲಿ, ಬೆಟ್ಟ ಹತ್ತೋಕೆ ಜನ ಬರುವ ಜಾಗಗಳಲ್ಲಿ. ಬಳಸುವವರು ಲಂಡನ್, ಬ್ರಿಸ್ಟಲ್‌ನಿಂದ ವಾರಾಂತ್ಯಕ್ಕೆ ಬಂದವರು, ಕಟ್ಟುವವರು ಊರಿನ ಇನ್ನೂರು ಮನೆಯವರು. ಪ್ರವಾಸಿಗಳಿಂದ ಲಾಭ ಮಾಡುವ ಹೋಟೆಲು ಕಟ್ಟುವ ವ್ಯಾಪಾರ ತೆರಿಗೆಯಲ್ಲಿ ಪ್ಯಾರಿಶ್‌ಗೆ ಬಿಡಿಗಾಸೂ ಇಲ್ಲ. ಅದಕ್ಕಿಂತ ವಿಚಿತ್ರ ಅಂದರೆ, ಈಚಿನವರೆಗೆ ಶೌಚಾಲಯದ ಕಟ್ಟಡಕ್ಕೇ ವ್ಯಾಪಾರ ತೆರಿಗೆ ಹಾಕುತ್ತಿದ್ದರು! ಪ್ಯಾರಿಶ್‌ಗಳು ವರ್ಷಗಟ್ಟಲೆ ಗೋಗರೆದ ಮೇಲೆ 2021ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾಯ್ದೆ ಮಾಡಿ, 2020ರ ಏಪ್ರಿಲ್‌ನಿಂದಲೇ ಅನ್ವಯಿಸುವ ಹಾಗೆ ಅದನ್ನು ತೆಗೆಯಿತು.

ತೆರಿಗೆಯ ಸ್ವರೂಪವೂ ನ್ಯಾಯವಾಗಿಲ್ಲ. ಕೌನ್ಸಿಲ್ ಟ್ಯಾಕ್ಸ್ ನಿಂತಿರುವುದು 1991ರಲ್ಲಿ ಮನೆಗೆ ಎಷ್ಟು ಬೆಲೆ ಬಾಳುತ್ತಿತ್ತು ಅನ್ನುವ ಅಂದಾಜಿನ ಮೇಲೆ. ಇಂಗ್ಲೆಂಡಿನಲ್ಲಿ ಆಮೇಲೆ ಮರುಮೌಲ್ಯಮಾಪನ ಮಾಡೇ ಇಲ್ಲ. ಅತಿ ಮೇಲಿನ ಬ್ಯಾಂಡಿನ ಬಂಗಲೆ, ಅತಿ ಕೆಳಗಿನ ಬ್ಯಾಂಡಿನ ಮನೆಗಿಂತ ಮೂರು ಪಟ್ಟು ಮಾತ್ರ ಕಟ್ಟುತ್ತೆ, ಬೆಲೆ ಹತ್ತಿಪ್ಪತ್ತು ಪಟ್ಟು ಇದ್ದರೂ. ಆದಾಯ ತೆರಿಗೆಯಿಂದ, ಕಂಪನಿ ತೆರಿಗೆಯಿಂದ ನಡೆಯಬೇಕಿದ್ದ ಲೈಬ್ರರಿ ಈಗ ಈ ತೆರಿಗೆಯಿಂದ ನಡೆಯುತ್ತೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದು. ಕಡಿತ ಮಾಯ ಆಗಿಲ್ಲ. ಉಳ್ಳವರು ಹೆಚ್ಚು ಕೊಡುವ ತೆರಿಗೆಯಿಂದ, ಎಲ್ಲರೂ ಹೆಚ್ಚುಕಡಿಮೆ ಸಮ ಕೊಡುವ ತೆರಿಗೆಗೆ ದಾಟಿಕೊಂಡಿದೆ.

ಪಾಸ್ ಇದೆ, ಬಸ್ ಇಲ್ಲ

ಬಸ್ಸಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. 1986ರಲ್ಲಿ ಲಂಡನ್ ಬಿಟ್ಟು ಉಳಿದ ಕಡೆ ಬಸ್ಸುಗಳನ್ನು ಖಾಸಗಿಯವರಿಗೆ ಮುಕ್ತ ಮಾಡಿದರು. ಲಾಭದ ಮಾರ್ಗ ಕಂಪನಿಗೆ, ನಷ್ಟದ ಹಳ್ಳಿ ಮಾರ್ಗಕ್ಕೆ ಕೌನ್ಸಿಲ್ ಸಬ್ಸಿಡಿ ಕೊಟ್ಟು ಓಡಿಸಬೇಕು. ಸಬ್ಸಿಡಿ ನಿಂತರೆ ಬಸ್ಸು ನಿಲ್ಲುತ್ತೆ. 2018ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಾರ್ಗಗಳು ಕಡಿತವಾದವು ಇಲ್ಲವೇ ಪೂರ್ತಿ ನಿಂತವು ಅಂತ ಕ್ಯಾಂಪೇನ್ ಫಾರ್ ಬೆಟರ್ ಟ್ರಾನ್ಸ್‌ಪೋರ್ಟ್ ಲೆಕ್ಕ ಕೊಟ್ಟಿತ್ತು. ಇನ್ನೊಂದು ಕಡೆ, ಪಿಂಚಣಿ ವಯಸ್ಸಿನವರಿಗೆ ಉಚಿತ ಬಸ್ ಪಾಸ್ ಕಾನೂನಿನ ಹಕ್ಕು. ಕೌನ್ಸಿಲ್ ಪಾಸ್ ಕೊಡಲೇಬೇಕು, ಬಸ್ ಕೊಡಲೇಬೇಕಿಲ್ಲ! 'ಶಕ್ತಿ' ಯೋಜನೆ ಬಂದಾಗ 'ಟಿಕೆಟ್ ಫ್ರೀ ಸರಿ, ನಮ್ಮೂರಿಗೆ ಬಸ್ಸೇ ಬರಲ್ವಲ್ಲ' ಅಂದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ.

ಬಸ್ಸು ನಿಂತ ಊರುಗಳಲ್ಲಿ ಪ್ಯಾರಿಶ್‌ಗಳು ಸೇರಿ ಮಿನಿಬಸ್ ಓಡಿಸುತ್ತವೆ. 1985ರ ಸಾರಿಗೆ ಕಾಯ್ದೆಯಲ್ಲಿ ಲಾಭಕ್ಕಲ್ಲದ ಸಮುದಾಯ ಬಸ್ಸಿಗೆ ವಿಶೇಷ ಪರ್ಮಿಟ್ ಇದೆ, 1997ರ ಕಾನೂನು ಪ್ಯಾರಿಶ್‌ಗಳಿಗೆ ಇದಕ್ಕೆ ಖರ್ಚು ಮಾಡುವ ಅಧಿಕಾರ ಕೊಟ್ಟಿದೆ. ಓಡಿಸುವವರು ಸ್ವಯಂಸೇವಕರು. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ವಾರಕ್ಕೆರಡು ದಿನ ಓಡಿಸುತ್ತಿದ್ದರು. ಊರಿನ ಅಜ್ಜಿಯರನ್ನು ಪೇಟೆಗೆ, ಆಸ್ಪತ್ರೆಗೆ ಕರೆದೊಯ್ದು ವಾಪಸ್ ತಂದು ಬಿಡೋದು. ನಾನೂ ಓಡಿಸಬಹುದಾ ಅಂತ ಕೇಳಿದೆ. ಅವರು ನಕ್ಕು, "ನಿಂಗೆ ವಯಸ್ಸು ಸಾಲದು" ಅಂದರು.

ವಿಷಯ ಏನಂದ್ರೆ, 1997ರ ಜನವರಿ 1ಕ್ಕೆ ಮುಂಚೆ ಕಾರಿನ ಲೈಸೆನ್ಸ್ ಪಡೆದವರಿಗೆ ಮಿನಿಬಸ್ ಓಡಿಸುವ 'ಡಿ1' ಅನುಮತಿ ತಾನಾಗೇ ಸಿಕ್ಕಿತ್ತು. ಆಮೇಲೆ ಪಡೆದವರು ಬೇರೆ ಪರೀಕ್ಷೆ ಕೊಡಬೇಕು. ಹಗುರ ಗಾಡಿಗೆ, ಸಂಬಳ ಪಡೆಯದವರಿಗೆ ಕೆಲವು ವಿನಾಯಿತಿ ಇದೆ, ಆದರೆ ಗಾಲಿಕುರ್ಚಿ ಏರಿಸುವ ವ್ಯವಸ್ಥೆ ಇರುವ ಗಾಡಿ ಅಷ್ಟು ಹಗುರ ಇರೋದು ಕಷ್ಟ. ಅತ್ತ ಎಪ್ಪತ್ತು ತುಂಬಿದ ಮೇಲೆ ವೈದ್ಯಕೀಯ ಪರೀಕ್ಷೆ ಮಾಡಿಸಿ ಆ ಅನುಮತಿಯನ್ನು ಉಳಿಸಿಕೊಳ್ಳಬೇಕು. ಹಾಗಾಗಿ ತಾನಾಗೇ ಅನುಮತಿ ಇರುವವರಲ್ಲಿ ಅತಿ ಕಿರಿಯರಿಗೂ ಈಗ ನಲವತ್ತೈದರ ಆಸುಪಾಸು, ಅವರಿಗೆ ಹಗಲು ನೌಕರಿ. ಬಿಡುವಿರುವವರಿಗೆ ಎಪ್ಪತ್ತು. ಹಳ್ಳಿಗಳ ಸಾರಿಗೆ ವ್ಯವಸ್ಥೆ ಈ ಕಿರಿದಾದ ವಯಸ್ಸಿನ ಪಟ್ಟಿಯ ಮೇಲೆ ನಿಂತಿದೆ, ಆ ಪಟ್ಟಿ ವರ್ಷವರ್ಷ ಮುದಿಯಾಗುತ್ತಿದೆ. 'ಸಮುದಾಯವೇ ನೋಡಿಕೊಳ್ಳುತ್ತೆ' ಅನ್ನುವವರಿಗೆ ನಾನು ಮೊದಲು ತೋರಿಸುವುದು ಈ ಲೈಸೆನ್ಸ್ ಕಾರ್ಡನ್ನೇ.

ಪ್ರಧಾನಿ ಡೇವಿಡ್ ಕ್ಯಾಮರಾನ್ 2010ರಲ್ಲಿ ಇದಕ್ಕೆ 'ಬಿಗ್ ಸೊಸೈಟಿ' ಅಂತ ಹೆಸರಿಟ್ಟಿದ್ದರು. ಸರ್ಕಾರ ಹಿಂದೆ ಸರಿದರೆ ಜನ ಮುಂದೆ ಬರುತ್ತಾರೆ ಅಂತ. ಜನ ಬಂದರು, ಅದು ಸುಳ್ಳಲ್ಲ. 2010ರಿಂದ 2019ರ ಒಳಗೆ ಬ್ರಿಟನ್ನಿನಲ್ಲಿ ಸುಮಾರು 800 ಲೈಬ್ರರಿ ಮುಚ್ಚಿದವು. ಉಳಿದವನ್ನು ನಡೆಸಲು ಸ್ವಯಂಸೇವಕರ ಸಂಖ್ಯೆ 50 ಸಾವಿರ ದಾಟಿತು. ಬಿಟಿ ಕಂಪನಿ ಕೈಬಿಟ್ಟ ಕೆಂಪು ಟೆಲಿಫೋನ್ ಗೂಡುಗಳನ್ನು ಪ್ಯಾರಿಶ್‌ಗಳು ಒಂದೊಂದು ಪೌಂಡಿಗೆ ಕೊಂಡು, ಒಳಗೆ ಪುಸ್ತಕ ಇಟ್ಟರು, ಹೃದಯಾಘಾತಕ್ಕೆ ಶಾಕ್ ಕೊಡುವ ಯಂತ್ರ ಇಟ್ಟರು. ಇನ್‌ಸ್ಟಾಗ್ರಾಮಿನಲ್ಲಿ ನೀವು ನೋಡುವ ಆ ಮುದ್ದಾದ ಫೋನ್ ಗೂಡಿನ ಲೈಬ್ರರಿ ಎಷ್ಟೋ ಕಡೆ ನಿಜವಾದ ಲೈಬ್ರರಿ ಹೋದ ಜಾಗದ ಗುರುತು.

ಆದರೆ ಯಾವ ಊರಿನ ಜನ ಮುಂದೆ ಬರ್ತಾರೆ? ನಿವೃತ್ತ ವಕೀಲರು, ಲೆಕ್ಕಿಗರು, ಅಧಿಕಾರಿಗಳು ನೆಲೆಸಿದ ಚೆಂದದ ಹಳ್ಳಿಯಲ್ಲಿ ಲೀಸ್ ಪತ್ರ ಓದಿ, ಅರ್ಜಿ ಬರೆದು, ಲಾಟರಿ ನಿಧಿಯಿಂದ ದುಡ್ಡು ತರುವವರು ಸಿಗುತ್ತಾರೆ. ಗಣಿ ಮುಚ್ಚಿದ ಊರಲ್ಲಿ, ಹೋಟೆಲಿನ ಶಿಫ್ಟ್ ಕೆಲಸದವರೇ ತುಂಬಿರುವ ಕಡಲತೀರದ ಊರಲ್ಲಿ ಸಂಜೆ ಏಳಕ್ಕೆ ಮೀಟಿಂಗಿಗೆ ಬರಲು ಯಾರಿಗೆ ಪುರುಸೊತ್ತು? ಲೈಬ್ರರಿಯ ಬೆಚ್ಚಗಿನ ಕೋಣೆ ಹೆಚ್ಚು ಬೇಕಿರುವುದು ಅಲ್ಲೇ. 1601ರ ಕಾಯ್ದೆಯದೂ ಇದೇ ರೋಗ: ಬಡವರು ಹೆಚ್ಚಿದ್ದ ಊರಿಗೆ ಹೊರೆಯೂ ಹೆಚ್ಚು. ಬ್ರಿಟಿಷರು ನೂರಾರು ವರ್ಷ ಪಟ್ಟು ಅದರಿಂದ ಹೊರಬಂದಿದ್ದರು.

ಹಾಗಾದರೆ ಪ್ಯಾರಿಶ್‌ಗಳು ಬೇಡ ಅನ್ನಬೇಕಾ?

ನಾನು ಹಾಗೆ ಹೇಳಲಾರೆ. ಮುನ್ನೂರು ಮೈಲಿ ದೂರದ ಗುತ್ತಿಗೆದಾರನಿಗಿಂತ ಊರಿನವರೇ ನೋಡಿಕೊಂಡ ಆಟದ ಬಯಲು ಎಷ್ಟೋ ಕಡೆ ಚೆನ್ನಾಗಿದೆ. ಮೇಲಿನವರು ಹತ್ತು ವರ್ಷ ರಿಪೇರಿ ಮಾಡದ ಕಟ್ಟಡವನ್ನು ಟೌನ್ ಕೌನ್ಸಿಲ್ ತೆಗೆದುಕೊಂಡು ಲೈಬ್ರರಿ, ಕೆಫೆ, ಮಾಹಿತಿ ಕೇಂದ್ರ ಒಟ್ಟಿಗೆ ಮಾಡಿದ್ದೂ ಇದೆ. 2011ರ ಕಾಯ್ದೆ 'ಸಾಮಾನ್ಯ ಅಧಿಕಾರ' ಅಂತ ಒಂದನ್ನು ಕೊಟ್ಟಿದೆ. ಸದಸ್ಯರಲ್ಲಿ ಮೂರನೇ ಎರಡು ಭಾಗ ಚುನಾಯಿತರಾಗಿದ್ದು, ಕ್ಲರ್ಕ್‌ಗೆ ನಿಗದಿತ ಅರ್ಹತೆ ಇದ್ದರೆ, ಕಾನೂನು ತಡೆಯದ ಏನನ್ನಾದರೂ ಪ್ಯಾರಿಶ್ ಮಾಡಬಹುದು. ಅಧಿಕಾರ ಕೆಳಗೆ ಬರಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. ಅಧಿಕಾರದ ಜೊತೆ ಅದರ ದುಡ್ಡೂ ಇಳಿಯಬೇಕು. ಮೇಲಿನ ಕೌನ್ಸಿಲ್ ಆ ಶೌಚಾಲಯಕ್ಕೆ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತಿತ್ತೋ ಅಷ್ಟನ್ನು ಪ್ಯಾರಿಶ್‌ಗೆ ವರ್ಗಾಯಿಸಿದರೆ ಅದು ವಿಕೇಂದ್ರೀಕರಣ. ಬೀಗದ ಕೈ ಮಾತ್ರ ಕೊಟ್ಟರೆ ಅದು ಕಡಿತ, ಹೆಸರು ಬೇರೆ.

ಇನ್ನೊಂದು ತೊಡಕು ಪ್ರಜಾಪ್ರಭುತ್ವದ್ದು. ಎಷ್ಟೋ ಪ್ಯಾರಿಶ್‌ಗಳಲ್ಲಿ ಸ್ಥಾನಗಳಿಗಿಂತ ಅಭ್ಯರ್ಥಿಗಳೇ ಕಡಿಮೆ. ಚುನಾವಣೆ ನಡೆಯಲ್ಲ, ಅವಿರೋಧ ಆಯ್ಕೆ. ಉಳಿದ ಖಾಲಿ ಜಾಗಕ್ಕೆ ಸದಸ್ಯರೇ ಯಾರನ್ನಾದರೂ ಸೇರಿಸಿಕೊಳ್ಳಬಹುದು. ಬೆಂಚಿಗೆ ಬಣ್ಣ ಹೊಡೆಯುವುದಷ್ಟೇ ಕೆಲಸ ಇದ್ದಾಗ ಇದರಿಂದ ತೊಂದರೆ ಇರಲಿಲ್ಲ. ಮಿತಿಯಿಲ್ಲದ ತೆರಿಗೆ ಎತ್ತಿ ಲೈಬ್ರರಿ ನಡೆಸುವವರನ್ನು ಯಾರೂ ವೋಟು ಹಾಕಿ ಆರಿಸಿಲ್ಲ ಅಂದರೆ ಅದು ಬೇರೆ ಮಾತು.

ಮತ್ತೆ ಇದು ಹೆಚ್ಚಾಗೋದೇ ಹೊರತು ಕಡಿಮೆ ಆಗಲ್ಲ. ಲೇಬರ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ ತಂದ ಶ್ವೇತಪತ್ರದ ಪ್ರಕಾರ ಜಿಲ್ಲೆ-ಕೌಂಟಿ ಎರಡು ಹಂತ ಇರುವ ಕಡೆಯೆಲ್ಲ ಅವನ್ನು ತೆಗೆದು, ಸುಮಾರು ಐದು ಲಕ್ಷ ಜನಕ್ಕೊಂದು ಯೂನಿಟರಿ ಕೌನ್ಸಿಲ್ ಮಾಡಬೇಕು. ಜಿಲ್ಲಾ ಕೌನ್ಸಿಲ್‌ಗಳು ಇಲ್ಲವಾದಾಗ ಅವು ನೋಡಿಕೊಳ್ಳುತ್ತಿದ್ದ ಪಾರ್ಕು, ಸಂತೆ ಮೈದಾನ, ಶೌಚಾಲಯಗಳು ಎಲ್ಲಿಗೆ ಹೋಗುತ್ತವೆ ಅಂತ ಕಾರ್ನ್‌ವಾಲ್ ನೋಡಿದವರಿಗೆ ಗೊತ್ತು.

ಇಲ್ಲಿಗೆ ಓದಲು, ನರ್ಸಿಂಗ್‌ಗೆ, ಕೇರ್ ಹೋಮ್ ಕೆಲಸಕ್ಕೆ ಬಂದಿರುವ ಕನ್ನಡಿಗರಿಗೆ ಹೇಳಲೇಬೇಕಾದ ಒಂದು ವಿಷಯ ಇದೆ. ಭಾರತ ಕಾಮನ್‌ವೆಲ್ತ್ ದೇಶ. ಕಾನೂನುಬದ್ಧ ವೀಸಾದ ಮೇಲೆ ಇಲ್ಲಿ ವಾಸವಿರುವ, ಹದಿನೆಂಟು ತುಂಬಿದ ಭಾರತೀಯ ನಾಗರಿಕರು ಇಲ್ಲಿನ ಚುನಾವಣೆಗಳಲ್ಲಿ ವೋಟು ಹಾಕಬಹುದು. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ಕಾಯಂ ವಾಸದ ಅನುಮತಿ ಸಿಕ್ಕ ಮೇಲೆ ಪ್ಯಾರಿಶ್ ಚುನಾವಣೆಗೆ ನಿಲ್ಲಲೂಬಹುದು. ನನಗೆ ಪರಿಚಯ ಇರುವ ಹತ್ತು ಜನರಲ್ಲಿ ಎಂಟು ಜನಕ್ಕೆ ಇದು ಗೊತ್ತೇ ಇರಲಿಲ್ಲ. ಕೌನ್ಸಿಲ್ ಟ್ಯಾಕ್ಸ್ ಮಾತ್ರ ತಪ್ಪದೆ ಕಟ್ಟುತ್ತಿದ್ದರು. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಆ ತೆರಿಗೆ ಇಲ್ಲ, ವೋಟು ಉಂಟು.

ಪ್ರಿಸೆಪ್ಟ್ ಎಷ್ಟು ಅಂತ ತೀರ್ಮಾನ ಆಗೋದು ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಮೀಟಿಂಗಿನಲ್ಲಿ. ಅಲ್ಲಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಆ ಹಕ್ಕು ಕೊಟ್ಟ 1960ರ ಕಾಯ್ದೆಯ ಮಸೂದೆ ಮಂಡಿಸಿದ್ದು ಆಗಷ್ಟೇ ಪಾರ್ಲಿಮೆಂಟಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್. ಸರ್ಕಾರವನ್ನು ಕುಗ್ಗಿಸುವ ರಾಜಕಾರಣಕ್ಕೆ ಹೆಸರಾದ ಅದೇ ಥ್ಯಾಚರ್! ಲೆಕ್ಕಪತ್ರ ನೋಡಬೇಕಿದ್ದರೆ 2014ರ ಕಾಯ್ದೆ ಪ್ರಕಾರ ಪ್ರತಿ ಬೇಸಿಗೆಯಲ್ಲಿ 30 ಕೆಲಸದ ದಿನ ಪುಸ್ತಕ ತೆರೆದಿಡಬೇಕು, ಜುಲೈನ ಮೊದಲ ಹತ್ತು ಕೆಲಸದ ದಿನ ಅದರಲ್ಲಿ ಸೇರಿರಲೇಬೇಕು. ಮೇಲಿನ ಕೌನ್ಸಿಲ್ ಜೊತೆಗಿನ ಹಸ್ತಾಂತರದ ಒಪ್ಪಂದ ಕೇಳಿ ನೋಡಿ. ಅದರಲ್ಲಿ ಕಟ್ಟಡದ ರಿಪೇರಿ ಯಾರದ್ದು, ಮೊದಲ ವರ್ಷ ಕೊಟ್ಟ ಹಣ ಎರಡನೇ ವರ್ಷಕ್ಕೂ ಇದೆಯಾ, ಐದನೇ ವರ್ಷ ಛಾವಣಿ ಸೋರಿದರೆ ಯಾರ ಜೇಬು ಅನ್ನುವ ಮೂರು ಸಾಲು ಹುಡುಕಿ. ಸಾಮಾನ್ಯವಾಗಿ ಅವು ಕೊನೆಯ ಪುಟದಲ್ಲಿರುತ್ತವೆ.